ಕಾಲು ಗಂಟೆ ಮುಂದಿದ್ದ ಲಾಗಿನ್

12 ಆಗಸ್ಟ್ 2009, ಬುಧವಾರ. ಹಾಸನ

ಇವತ್ತೂ ಅದೇ ಕಥೆ. ಬೆಳಿಗ್ಗೆ ಚನ್ನರಾಯಪಟ್ಟಣದ ಬಸ್ಸು, ಸಂಜೆ ವಾಪಸ್ಸು, ಮಧ್ಯೆ ಒಂದೇ ಎರರ್. ನನ್ನ ಲ್ಯಾಪ್‌ಟಾಪಿನಲ್ಲಿ ಲಾಗಿನ್ ನೀರು ಕುಡಿದಷ್ಟು ಸಲೀಸು. ಅದೇ ಕೋಡ್ ಕೆಲಸ ಕೊಟ್ಟ ಸುಪಾರ್ಶ್ವ ಅವರ ಮನೆಯ ಕಂಪ್ಯೂಟರಿಗೆ ಹಾಕಿದರೆ ಮುಷ್ಕರ. ವೆಬ್‌ಸೈಟ್ ಅಲ್ಲಿಂದಲೇ ನಡೆಯಬೇಕು. ಅವರ ತಾಯಿ ಅನಂತಮ್ಮನವರು ಶಾಸ್ತ್ರ ಓದಿದ ರೆಕಾರ್ಡಿಂಗ್ ಮನೆ ಬಿಟ್ಟು ಹೋಗುವ ಹಾಗಿಲ್ಲವಂತೆ. 24ಕ್ಕೆ ಜೈನರ ದಶಲಕ್ಷಣ ಪರ್ವ ಶುರು. ಅಷ್ಟರೊಳಗೆ ಅರಕಲಗೂಡು, ಹೊಳೆನರಸೀಪುರದ ನೆಂಟರು ತಮ್ಮ ಮೇಲ್ ಅಕೌಂಟಿನಿಂದಲೇ ಒಳಗೆ ಬಂದು ಕೇಳುವಂತಾಗಬೇಕು.

ಕಾಲೇಜಿನ ಪಾಠ ಬಿಟ್ಟು ಹಿಡಿದ ಮೊದಲ ಕೆಲಸ. ಆಗದಿದ್ದರೆ ಬೆಂಗಳೂರಿನ ಕಂಪನಿಗೆ ಕೊಡುತ್ತಾರಂತೆ. ನಯವಾಗಿಯೇ ಹೇಳಿದರು. ಅದೇ ಭಯ.

14, ಶುಕ್ರವಾರ

ಬೈದುಕೊಂಡೇ ಒಂದು ಮಾತು ಬರೆದಿಡಬೇಕು. ಪಾಸ್‌ವರ್ಡ್ ನಮ್ಮ ಕೈಗೆ ಬರುವುದೇ ಇಲ್ಲ! ನಮ್ಮ ಸೈಟ್ ಹೋಗಿ ಮೇಲ್ ಕಂಪನಿಯ ಬಾಗಿಲು ತಟ್ಟುತ್ತದೆ. ಅವರು ಗುರುತು ಹಿಡಿದು, ಹೌದು, ಇವಳು ಅವಳೇ ಎಂದು ಚೀಟಿ ಕೊಟ್ಟು ಕಳಿಸುತ್ತಾರೆ. ಅನಂತಮ್ಮನವರ ಮೊಮ್ಮಗಳು ತ್ರಿಷಾ ಅರಕಲಗೂಡಿನಲ್ಲಿ ಕೂತಿದ್ದರೆ, ಸಮುದ್ರದಾಚೆಯ ಯಾವುದೋ ಯಂತ್ರ ಅವಳಿಗೆ ಜಾಮೀನು ನಿಲ್ಲುತ್ತದೆ... ಮೈ ಜುಮ್ಮೆನ್ನುತ್ತದೆ.

ಆದರೆ ಚೀಟಿಯೇ ಬರುತ್ತಿಲ್ಲ. ಕೀ ಬದಲಿಸಿದೆ. ವಾಪಸ್ ಬರುವ ವಿಳಾಸ ಮತ್ತೆ ಮತ್ತೆ ನೋಡಿದೆ. ಎಲ್ಲ ಸರಿ. ತಲೆ ಕೆಟ್ಟುಹೋಗಿದೆ.

20, ಗುರುವಾರ. ಚನ್ನರಾಯಪಟ್ಟಣ, ಮಧ್ಯಾಹ್ನ

ಇಷ್ಟು ದಿನ ಬರೆಯಲು ಮುಖವಿರಲಿಲ್ಲ.

ಇವತ್ತು ಎರರ್ ಪೂರ್ತಿ ಬಿಚ್ಚಿ ಓದಿದೆ. ನಿಮ್ಮ ಸಮಯ ಒಪ್ಪಲಾಗದು ಎಂದಿತ್ತು. ಸಮಯ? ಕೈಗಡಿಯಾರ ನೋಡಿದೆ, ಹನ್ನೊಂದೂವರೆ. ಮಾನಿಟರಿನಲ್ಲಿ ಹನ್ನೊಂದೂ ಮುಕ್ಕಾಲು.

"ಸಾರ್, ಈ ಕಂಪ್ಯೂಟರ್ ಟೈಮ್ ಮುಂದಿದೆಯಲ್ಲ?"

"ನಾನೇ ಇಟ್ಟಿರೋದು ಹಂಸಾ," ಎಂದರು ಸುಪಾರ್ಶ್ವ, ಅಂಗಡಿಗೆ ಹೊರಡುತ್ತಾ. "ಅಮ್ಮ ಹೊತ್ತು ಮುಳುಗಿದ್ಮೇಲೆ ಒಂದಗಳೂ ಮುಟ್ಟಲ್ಲ. ಮೋಡ ಕವಿದ್ರೆ ಹೊತ್ತೇ ಗೊತ್ತಾಗಲ್ಲ. ಅದಕ್ಕೇ ಮನೇಲಿರೋ ಗಡಿಯಾರ ಎಲ್ಲ ಮುಂದಿಟ್ಬುಟ್ಟಿದೀನಿ. ಇದೂ ಒಂದು ಗಡಿಯಾರಾನೇ ಅಲ್ವಾ?"

ನಗುವೂ ಬಂತು, ಕಣ್ಣೂ ತುಂಬಿತು. ಇನ್ನೂ ಬಾರದ ಹೊತ್ತಿನಿಂದ ಬಂದ ಕೋರಿಕೆ ಎಂದು ಆ ಯಂತ್ರ ಬಾಗಿಲು ಹಾಕಿಕೊಂಡಿತ್ತು! ಇಲ್ಲಿ ಹಾಲ್‌ನ ಮೂಲೆಯಲ್ಲಿ ಕಾಲು ಗಂಟೆ ತಪ್ಪಿದ್ದು ಭೂಮಿಯ ಆಚೆ ಬದಿಗೆ ಗೊತ್ತಾಗಿದೆ. ಇಂಟರ್ನೆಟ್ ನೋಡಿ ತಾನೇ ಸಮಯ ಸರಿಮಾಡಿಕೊಳ್ಳುವಂತೆ ಟಿಕ್ ಹಾಕಿದೆ. ಲಾಗಿನ್ ಒತ್ತಿದೆ. ಬಿಟ್ಟಿತು. ಒಳಗೆ ಬಿಟ್ಟಿತು!

ಅನಂತಮ್ಮ ಮಲಗಿದ್ದರು. ಎಬ್ಬಿಸದೆ ಬಸ್ಸಿಗೆ ಹೊರಟೆ.

21, ಶುಕ್ರವಾರ

ಬೆಳಿಗ್ಗೆ ಸುಪಾರ್ಶ್ವ ಅವರ ಫೋನ್. "ಅಮ್ಮ ರಾತ್ರಿ ಉಪವಾಸ ಮಲಗಿದ್ರು ಕಣಮ್ಮ."

ಅನಂತಮ್ಮನವರಿಗೆ ಕಣ್ಣು ಮಂಜು, ಗೋಡೆಯ ಗಡಿಯಾರ ಕಾಣದು. ಮಾನಿಟರಿನ ದೊಡ್ಡ ಅಂಕಿ ನೋಡಿ ಆರೂವರೆಗೆ ತಟ್ಟೆ ಹಾಕಿಕೊಳ್ಳುವುದು ಅಭ್ಯಾಸ. ಮೊದಲು ಅದು ನಿಜಕ್ಕೆ ಆರೂ ಕಾಲು; ನಿನ್ನೆಯ ಆರೂವರೆ ನಿಜವಾದ ಆರೂವರೆ. ಅನ್ನ ಕಲಸುತ್ತಿದ್ದಾಗ ಮಗ ಒಳಗೆ ಬಂದು, ಹೊತ್ತು ಮುಳುಗಿತಲ್ಲಮ್ಮಾ ಎಂದರಂತೆ. ಅಮ್ಮ ಕೈತೊಳೆದು ಎದ್ದರಂತೆ.

"ಗೌರಿ ಹಬ್ಬ ಮುಗಿಸ್ಕೊಂಡು ಸೋಮವಾರ ಬನ್ನಿ. ಅಮ್ಮ ನಿಮ್ಮನ್ನ ನೋಡ್ಬೇಕಂತೆ."

ಕೆಲಸ ಹೋಯಿತು. ಹೋಗಲಿ... ಆ ವಯಸ್ಸಿನವರನ್ನು ಹಸಿವಿನಲ್ಲಿ ಮಲಗಿಸಿದೆನಲ್ಲ.

24, ಸೋಮವಾರ, ಸಂಜೆ

ಹಬ್ಬ ಮುಗಿಸಿ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ.

ಅನಂತಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದರು. ಯಾವ ಗಡಿಯಾರವನ್ನೂ ನಂಬದೆ ಐದಕ್ಕೇ ಊಟ ಮುಗಿಸುತ್ತಿದ್ದಾರಂತೆ. ಗದರಲಿಲ್ಲ. "ನಾನೇ ಒಳಗೋಗ್ತೀನಿ, ತೋರ್ಸು," ಎಂದರು. ತ್ರಿಷಾ ಮಾಡಿಕೊಟ್ಟ ಅಕೌಂಟು. ಬೆರಳು ಹಿಡಿದು ಒತ್ತಿಸಿದೆ. ಮೇಲ್ ಕಂಪನಿಯ ಪುಟ ಬಂತು, ಇಂಗ್ಲಿಷಿನಲ್ಲಿ.

"ಏನಂತೆ?"

"ನಿಮ್ಮ ಹೆಸರನ್ನ ಈ ಸೈಟಿಗೆ ಹೇಳಬಹುದಾ ಅಂತ ಕೇಳ್ತಿದೆ ಅಮ್ಮ."

"ನನ್ನ ಕೇಳ್ತದಾ?"

"ಹೂಂ. ನೀವು ಒಪ್ಪೋವರೆಗೂ ಹೇಳಲ್ಲ."

ಅವರು ನನ್ನ ಕಡೆ ತಿರುಗಿದರು. ಮೆಲ್ಲಗೆ, "ಎಲ್ಲಿಯದೋ ಯಂತ್ರ. ನನ್ನ ಹೆಸರು ಹೇಳೋಕೂ ನನ್ನ ಕೇಳ್ತದೆ. ನೀನು ಗಡಿಯಾರ ತಿರುಗ್ಸೋವಾಗ ಕೇಳಿದ್ಯಾ ಮಗಾ?"

"ಇಲ್ಲ ಅಮ್ಮ."

"ಈಗ ಕೇಳು."

"ಗಡಿಯಾರ ಹೀಗೇ ಬಿಡಲಾ ಅಮ್ಮ?"

"ಇರ್ಲಿ. ಇನ್ಮೇಲೆ ಆರಕ್ಕೇ ತಟ್ಟೆ ಹಾಕ್ಕೋತೀನಿ." ಎಂದವರೇ ಒಪ್ಪಿಗೆಯ ಗುಂಡಿ ತಾವೇ ಒತ್ತಿದರು.

ಸ್ವಲ್ಪ ಹೊತ್ತಿಗೆ ಅರಕಲಗೂಡಿನಿಂದ ತ್ರಿಷಾ ಫೋನ್. "ಅಜ್ಜಿ, ನಿಮ್ ದನಿ ಬತ್ತಾ ಇದೆ!" ಸುಪಾರ್ಶ್ವ ಬೆಂಗಳೂರಿನ ಮಾತೆತ್ತಲಿಲ್ಲ, ಸಿಹಿ ಕೊಟ್ಟರು. ಬಸ್ಸಿನುದ್ದಕ್ಕೂ ನನ್ನ ಕಿವಿಯಲ್ಲಿ ಅನಂತಮ್ಮನವರ ಆ ಪ್ರಶ್ನೆಯೊಂದೇ. ಗುರುತು ಪರಿಚಯವಿಲ್ಲದ ಯಂತ್ರ ಅವರನ್ನು ಕೇಳಿ, ಕಾದು ನಿಂತಿತ್ತು. ನಾನು ಅವರ ಮನೆಯ ಕಾಫಿ ಕುಡಿದು, ಅವರ ಹಾಲ್‌ನಲ್ಲೇ ಕೂತು...