ಕಿವಿ ಮೆಷಿನ್ನಿನ ದುಡ್ಡು

ರೀ,

ಬಾಯಲ್ಲಿ ಹೇಳಿದರೆ ಬೀದಿಗೆಲ್ಲ ಕೇಳುತ್ತದೆ, ನಿಮಗೊಬ್ಬರಿಗೆ ಕೇಳುವುದಿಲ್ಲ. ಅದಕ್ಕೇ ಈ ಚೀಟಿ.

ಬ್ಯಾಂಕಿನ ಕಾಗದ ನೋಡಿದೆ. ನಿಮ್ಮ ಕಿವಿ ಮೆಷಿನ್ನಿಗೆಂದು ಎತ್ತಿಟ್ಟ ದುಡ್ಡನ್ನು ಈ ಸಲವೂ ಮನೆ ಸಾಲಕ್ಕೇ ಕಟ್ಟಿದ್ದೀರಿ. ಹೀಗೆ ಕಟ್ಟಿದರೆ ಏಳು ವರ್ಷದ ಸಾಲ ಮೂರೇ ವರ್ಷಕ್ಕೆ ತೀರುತ್ತದಂತೆ. ಸಂತೋಷ. ಕೇಳಿದರೆ, "ಮೊದ್ಲು ಮನೆ ನಮ್ದಾಗ್ಲಿ, ಕಿವಿ ಎಲ್ಲಿಗೆ ಓಡಿಹೋಗುತ್ತೆ?" ಅಂತೀರಿ.

ಭಾನುವಾರ ಮಗಳ ಫೋನ್ ಬಂದಾಗ ನೀವು ಸುಮ್ಮನೆ ನಕ್ಕು ನನ್ನ ಕೈಗೆ ಕೊಟ್ಟಿರಿ. ಆಗ ಮಾತಾಡುತ್ತಿದ್ದದ್ದು ಮೊಮ್ಮಗಳು. ಮೊದಲ ಸಲ "ತಾತಾ" ಅಂದಳು.

ಮಂಗಳವಾರ ಹತ್ತು ಗಂಟೆಗೆ ಕಿವಿ ಡಾಕ್ಟರ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ. ಈ ತಿಂಗಳು ಬರೀ ಕಂತು ಕಟ್ಟಿ, ಸಾಕು. ಸಾಲ ತೀರುವ ಹೊತ್ತಿಗೆ ಅವಳ ತೊದಲು ಮುಗಿದಿರುತ್ತದೆ.

ಪಕ್ಕದ ಕೋಣೆಯಿಂದ,
ನಿಮ್ಮವಳು