ಸಾಹೇಬನ ಮೇಜವಾನಿಗೆ ಕೆಂಪು ಬಾಳೆ

ಕಮಲಾಪುರ
ಸೋಮವಾರ, 2 ಜೂನ್ 1930

ತಮ್ಮ ನೀಲಕಂಠನಿಗೆ ಅಣ್ಣ ಮಹಾದೇವಪ್ಪನ ಆಶೀರ್ವಾದ. ಈ ಸಲ ಅರ್ಧ ಮನಸ್ಸಿನದು.

ಎರಡನೇ ಇಯತ್ತೆಗೇ ಶಾಲೆ ಬಿಟ್ಟವನ ಕೈಗೆ ಟಾಕು ಕೊಟ್ಟು, ಬರೆದೇ ಕೊಡು ಅನ್ನುತ್ತೀ. ನಿನ್ನೆ ಕಟ್ಟೆಯ ಮೇಲೆ ಕೂತು ನಾನು ಬೈದದ್ದು ಸಾಲಲಿಲ್ಲವೇನು? "ಬಾಯಿಮಾತು ಕಚೇರಿಯೊಳಗ ನಡ್ಯಂಗಿಲ್ಲ ಅಣ್ಣಾ. ಸೂಗಪ್ಪ ನಿನ್ನ ಮನ್ಯಾಗ ಇಲ್ಲಂತ ಬರದು ಸಹಿ ಹಾಕು" ಅಂದಿ. ತಗೋ. ಸೂಗಪ್ಪ ನನ್ನ ಮನೆಯಲ್ಲಿಲ್ಲ.

ಅವನು ಯಾರು ಎಂಬುದು ನಿನಗೆ ಮರೆತಂತಿದೆ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಗುರಬಾಯಿ, ಸತ್ತುಹೋದಳಲ್ಲ, ಅವಳ ಮಗ. ಸೋಲಾಪುರದಲ್ಲಿ ಗಲಾಟೆಯಾಗಿ ಇಂಗ್ಲಿಷರ ದಂಡು ಓಣಿಗೆ ನುಗ್ಗಿದಾಗ, ಮಿಲ್ಲಿನ ಕೆಲಸ ಬಿಟ್ಟು ಗಡಿ ದಾಟಿ ನಿಜಾಮರ ಸೀಮೆಗೆ ಓಡಿಬಂದ. ಇಬ್ಬರು ಸೋದರಮಾವಂದಿರಿದ್ದಾರೆ ಎಂಬ ಧೈರ್ಯ. ಒಬ್ಬ ಮಾವ ನಿಜಾಮರ ಕಚೇರಿಯಲ್ಲಿ ದುಭಾಷಿಯಾಗಿ ಕೂತಿದ್ದಾನೆಂದು ಪಾಪ, ಗೊತ್ತಿರಲಿಲ್ಲ.

ರವಿವಾರ ಸೋಲಾಪುರದ ಸಾಹೇಬ ಕಲಬುರ್ಗಿಯಲ್ಲಿ ರೈಲಿಳಿದು ನಿಮ್ಮ ಅಧಿಕಾರಿಯ ಎದುರು ಕೂಡುತ್ತಾನಂತೆ. ಓಡಿಬಂದವರನ್ನು ಕೊಡಿ ಅನ್ನುವವನು ಅವನು, ಕೊಟ್ಟರೆ ನಮಗೇನು ಸಿಗುತ್ತದೆ ಅನ್ನುವವರು ಇವರು. ಸಂತೆಯ ದಲಾಲನ ಹಾಗೆ ನಡುವೆ ನೀನು. "ಒಬ್ಬ ಹುಡುಗನ್ನ ಕೊಟ್ಟರ ಓಡಿಬಂದ ಉಳಿದ ನೂರು ಮಂದಿ ಬಚಾವ್ ಆಗ್ತಾರ" ಅಂದಿಯಲ್ಲ, ಆ ಒಬ್ಬ ನಿನ್ನ ಹೊಟ್ಟೆಯಲ್ಲಿ ಹುಟ್ಟಿದವನಾಗಲಿ, ಆಗ ಹೇಳು.

ಅದರ ಮೇಲೆ ಅವರ ಮೇಜವಾನಿಗೆ ನನ್ನ ತೋಟದ ಕೆಂಪು ಬಾಳೆಯೇ ಬೇಕೇನು? ಅಕ್ಕನ ಮಗನನ್ನು ಮಾರುವ ಮೇಜಿನ ಮೇಲೆ ಅಪ್ಪ ಹಚ್ಚಿದ ಬಾಳೆ! ಇವತ್ತೇ ಗೊನೆ ಕಡಿದು ಹುಲ್ಲಿನಲ್ಲಿ ಮುಚ್ಚಿಟ್ಟರೆ ರವಿವಾರಕ್ಕೆ ಹಣ್ಣಾದೀತು. ಕಡಿಯುವುದಿಲ್ಲ. ಅಣ್ಣ ಕುಡುಗೋಲು ಹಿಡಿದು ತೋಟದ ಬಾಗಿಲಲ್ಲೇ ಕೂತಿದ್ದಾನೆಂದು ಅದನ್ನೂ ಉರ್ದುವಿನಲ್ಲಿ ತಿಳಿಸು.

ಸಾಹೇಬ ಸೂಗಪ್ಪನ ಹೆಸರೆತ್ತಿದರೆ, ಅಂಥವನು ಈ ಸೀಮೆಗೆ ಕಾಲಿಟ್ಟೇ ಇಲ್ಲ ಎಂದು ನೀನು ಹೇಳಬೇಕು. ಅಷ್ಟೇ.

ನಿನ್ನ ಅಣ್ಣ,
ಮಹಾದೇವಪ್ಪ

ತಾ.ಕ.: ನಾನು ಸುಳ್ಳು ಬರೆದಿಲ್ಲ. ಸೂಗಪ್ಪ ಹೋದ ವಾರದಿಂದ ನಿನ್ನ ಮನೆಯಲ್ಲಿದ್ದಾನೆ, ಹಿತ್ತಲ ಕೋಣೆಯ ಅಟ್ಟದ ಮೇಲೆ. ಶಬ್ಬೀರನ ಜಟಕಾದಲ್ಲಿ ನಾನೇ ಕಳಿಸಿದೆ. ನಿನ್ನ ಹೆಂಡತಿ ಶಾರದಾಬಾಯಿ ರೊಟ್ಟಿ ಕೊಡುತ್ತಾಳೆ. "ಇವರು ಕಚೇರಿಂದ ಬಂದರ ಹಿತ್ತಲ ಕಡೆ ಹೊಳ್ಳಿ ಸುದ್ದಾ ನೋಡಂಗಿಲ್ರೀ ಭಾವಾ" ಅಂದಳು. ಸಿಪಾಯಿಗಳು ಬಂದರೆ ಅವನ ಜೊತೆ ಅವಳನ್ನೂ ಎಳೆದೊಯ್ಯುತ್ತಾರೆ. ಸಾಹೇಬನಿಗೆ ಏನು ಹೇಳುತ್ತೀ ಎಂಬುದು ಗುರುವಾರದೊಳಗೆ ನನಗೆ ಗೊತ್ತಾಗಬೇಕು.