ಸೂರಿನ ಕೆಳಗಿನ ಕಿಂಡಿ

ಚಾಮರಾಜಪುರಂ, ಮೈಸೂರು
20 ಜುಲೈ 2025

ಪ್ರೀತಿಯ ನೀಲಾಂಬಿಕೆಗೆ ನಿನ್ನ ಗಿರಿಜೆಯ ಶರಣು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೇನೆ. ಬೈಯುವುದಾದರೆ ಪೂರ್ತಿ ಓದಿ ಬೈ. ಮಂಡಿ ಆಪರೇಷನ್ ಆದ ಮೇಲೆ ಕೊಳ್ಳೇಗಾಲದ ಆ ಕಡಿದಾದ ಮೆಟ್ಟಿಲು ಹತ್ತುತ್ತಿದ್ದೀಯಾ? ಫೋನ್ ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ನಾನು ಆಡಿದ ಮಾತು ಸೊಸೆಯ ಕಿವಿಗೆ ಬೀಳದ ಜಾಗವೇ ಇಲ್ಲ.

ಏಪ್ರಿಲ್‌ನಲ್ಲಿ ಸೊಸೆ ನಿಶ್ಚಿತಾ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ತವರಿನಿಂದ ಬಂದಳು. ಹೆಣ್ಣುಮಗು, ಶಿವಾನಿ ಅಂತ ಹೆಸರು. ಮೇ ತಿಂಗಳಲ್ಲಿ ಮಗ ಸೊಸೆಯ ಕೋಣೆಯ ಮೇಲಿನ ಅಟ್ಟದಲ್ಲಿ ಪರಪರ ಸದ್ದು ಶುರುವಾಯಿತು. ಇಲಿ ಅಂದುಕೊಂಡೆ. ಒಂದು ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಸೂರಿನ ಕೆಳಗಿನ ಕಿಂಡಿಯಿಂದ ಕಪ್ಪಗೆ ಏನೋ ಉದುರಿದಂತಾಯಿತು. ನೆಲಕ್ಕೆ ಬೀಳಲಿಲ್ಲ, ಹಾರಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಬಾವಲಿಗಳು ಕಣೇ! ಹೆಬ್ಬೆರಳಿನಷ್ಟು ಮೈ ಇರಬಹುದು, ಅಷ್ಟೇ. ಆದರೂ ಬಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದೆ.

ಅವತ್ತಿನಿಂದ ನಿದ್ದೆ ಹೋಯಿತು. ಬಾವಲಿಯಿಂದ ಎಂಥದೋ ಜ್ವರ ಬರುತ್ತೆ, ಕಚ್ಚಿದರೆ ಹುಚ್ಚುನಾಯಿ ಕಚ್ಚಿದ ಹಾಗೆ ಅಂತ ಪಕ್ಕದ ಮನೆಯಾಕೆ ದಿನಕ್ಕೊಂದು ವಿಡಿಯೊ ತೋರಿಸುತ್ತಿದ್ದರು. ಕೂಸಿನ ಹಣೆ ಸ್ವಲ್ಪ ಬೆಚ್ಚಗಿದ್ದರೂ ಥರ್ಮಾಮೀಟರು ಹುಡುಕುತ್ತಿದ್ದೆ.

ಆಗ ಅಡುಗೆಮನೆಯ ನೆಲ ಸರಿಮಾಡಲು ಗಾರೆ ಕೆಲಸದ ಮಂಟಯ್ಯ ಬರುತ್ತಿದ್ದ. ಹತ್ತು ವರ್ಷದಿಂದ ನಮ್ಮ ಬೀದಿಗೆಲ್ಲ ಅವನೇ. ಕಿಂಡಿ ಮುಚ್ಚಿಬಿಡು ಅಂದೆ. ಏಣಿ ಹತ್ತಿ, ಗೋಡೆಗೆ ಕಿವಿಗೊಟ್ಟು ಕೇಳಿ, ಇಳಿದು ಬಂದ.

"ಮರಿ ಹಾಕವೆ ಕಣ್ರವ್ವ. ಈಗ ಮುಚ್ಚುದ್ರೆ ಒಳಗೇ ಸತ್ತೋಯ್ತವೆ, ಇಲ್ಲಾಂದ್ರೆ ದಾರಿ ಹುಡಿಕ್ಕಂಡು ಮನೆಯೊಳಕ್ಕೇ ಬತ್ತವೆ. ಇನ್ನೊಂದು ತಿಂಗ್ಳು ತಡ್ಕಳಿ, ಮರಿ ಹಾರಾದ್ ಕಲೀಲಿ" ಅಂದ.

ತಿಂಗಳು! ಕೂಸು ಮಲಗಿದ್ದ ತೊಟ್ಟಿಲ ನೇರಕ್ಕೇ ಆ ಸದ್ದು ಬರುತ್ತಿತ್ತು.

ಜೂನ್ ನಾಲ್ಕರ ಸಂಜೆ. ಮಗ ಷಡಕ್ಷರಿ ಮೇಟಗಳ್ಳಿಯ ಕಾರ್ಖಾನೆಗೆ ಎರಡನೇ ಪಾಳಿಗೆ ಹೋಗಿದ್ದ. ನಾನು ದೀಪ ಹಚ್ಚಿ ವಿಭೂತಿ ಇಟ್ಟುಕೊಳ್ಳುತ್ತಿದ್ದೆ. ನಿಶ್ಚಿತಾ "ಅತ್ತೇ!" ಅಂತ ಚೀರಿದಳು. ಹೋಗಿ ನೋಡಿದರೆ ಜಂತೆಯ ಸಂದಿಯಿಂದ ಒಂದೊಂದಾಗಿ ಜಾರಿ ಬರುತ್ತಿವೆ. ಕೋಣೆ ತುಂಬ ರೆಕ್ಕೆ. ಒಂದಂತೂ ಕೂಸಿನ ಕುಲಾವಿಗೇ ಅಂಟಿಕೊಂಡಿತ್ತು. ನಿಶ್ಚಿತಾ ಅದನ್ನು ಬರಿಗೈಲಿ ಬಡಿದು, ಕೂಸನ್ನು ಎದೆಗವಚಿಕೊಂಡು ಓಡಿದಳು, ಹೊಸಿಲು ಎಡವಿದಳು. ಕೂಸು ನೆಲಕ್ಕೆ ತಾಗದ ಹಾಗೆ ಬಿದ್ದಳು. ಮೊಣಕೈ ಮುರಿಯಿತು.

ಆಸ್ಪತ್ರೆಯ ಬೆಳಕಿನಲ್ಲಿ ನೋಡಿದರೆ ಕೂಸಿನ ಕೆನ್ನೆಯ ಮೇಲೆ ಒಂದು ಗೀರು. ಡಾಕ್ಟರು ತಿರುಗಿಸಿ ತಿರುಗಿಸಿ ನೋಡಿದರು. "ಬಳೆ ತರಚಿರಬಹುದು, ಬಾವಲಿಯದೂ ಇರಬಹುದು. ಗೊತ್ತಿಲ್ಲ ಅಂದಮೇಲೆ ಇಂಜೆಕ್ಷನ್ ಕೊಡಲೇಬೇಕು. ಆ ರೋಗ ಬಂದಮೇಲೆ ಔಷಧಿ ಇಲ್ಲಮ್ಮ" ಅಂದರು. ತಾಯಿಗೂ ಕೂಸಿಗೂ ಇಬ್ಬರಿಗೂ ಚುಚ್ಚಿದರು. ಕಡೆಯ ಇಂಜೆಕ್ಷನ್ ಜುಲೈ ಎರಡಕ್ಕೆ. ಆ ನಾಲ್ಕು ವಾರ ಹೇಗೆ ಕಳೆದೆ ಅಂತ ಕೇಳಬೇಡ. ಕೂಸು ಹಾಲು ಬೇಡ ಅಂದು ಮುಖ ತಿರುಗಿಸಿದರೆ ಸಾಕು, ಡಾಕ್ಟರಿಗೆ ಫೋನ್ ಮಾಡು ಅಂತ ಷಡಕ್ಷರಿಯ ಬೆನ್ನು ಹತ್ತುತ್ತಿದ್ದೆ.

ಬಾವಲಿ ಒಳಗೆ ಬಂದ ಮಾರನೆಯ ಬೆಳಿಗ್ಗೆಯೇ ಷಡಕ್ಷರಿ ಏಣಿ ಹತ್ತಿ ನೋಡಿದ. ಕಿಂಡಿಗೆ ಹೊಸದಾಗಿ ಸಿಮೆಂಟು ಮೆತ್ತಿತ್ತು. "ಆ ಮಂಟಯ್ಯನೇ ಮುಚ್ಚಿರೋದು!" ಅಂತ ಅಲ್ಲಿಂದಲೇ ಫೋನ್ ಮಾಡಿ ಬಾಯಿಗೆ ಬಂದದ್ದು ಬೈದ. ಬೀದಿಯವರಿಗೂ ಹೇಳಿದ. ಅವತ್ತಿನಿಂದ ಯಾರೂ ಮಂಟಯ್ಯನನ್ನು ಕರೆಯುತ್ತಿಲ್ಲ.

ಬಾವಲಿಗಳ ಬಗ್ಗೆ ಸಂಶೋಧನೆ ಮಾಡುವ ಪವಮಾನ ಅನ್ನುವವರನ್ನು ಷಡಕ್ಷರಿ ಅವತ್ತೇ ಹುಡುಕಿ ಕರೆತಂದ. ದಪ್ಪ ಕೈಗವಸು ಹಾಕಿಕೊಂಡು ಬಂದರು. ಮೊದಲು ಸಿಮೆಂಟು ಒಡೆದರು, ಆಮೇಲೆ ಕೋಣೆಯ ಜಂತೆಯ ಸಂದಿಗಳನ್ನೆಲ್ಲ ಹಲಗೆ ಹೊಡೆದು ಮುಚ್ಚಿಸಿದರು. ಅಟ್ಟದಲ್ಲಿ ಮೂರು ಮರಿ ಸತ್ತಿದ್ದವು, ಉಳಿದವು ಬದುಕಿದ್ದವು. ಹಿಂದಿನ ರಾತ್ರಿ ಕೋಣೆಯ ಕಿಟಕಿಯಿಂದ ಹಾರಿಹೋಗಿದ್ದ ತಾಯಿಗಳು ಅವತ್ತು ಸಂಜೆ ತಿರುಗಿ ಬಂದವು. ಮರಿ ಹಾರುವ ತನಕ ಕಾಯಲೇಬೇಕು ಅಂದರು ಪವಮಾನ. ನಿಶ್ಚಿತಾ, ಕೂಸು ನನ್ನ ಕೋಣೆಗೆ ಬಂದರು.

ಹೋದ ವಾರ ಪವಮಾನ ಕಿಂಡಿಯ ಮೇಲೆ ಸಣ್ಣ ಕಣ್ಣಿನ ಬಲೆಯೊಂದನ್ನು ಇಳಿಬಿಟ್ಟರು, ಕೆಳಗಡೆ ಬಾಯಿ ತೆರೆದ ಹಾಗೆ. ಒಳಗಿದ್ದವು ಬಲೆಯೊಳಗೇ ಜಾರಿ ಕೆಳಗಿನಿಂದ ಹಾರಿ ಹೋದವು. ತಿರುಗಿ ಬಂದಾಗ ಒಳಗೆ ಹೋಗಲು ದಾರಿ ಸಿಗಲಿಲ್ಲ. ಒಂದಿಷ್ಟು ಹೊತ್ತು ಬಲೆಗೆ ಮೂತಿ ತಾಗಿಸಿ ಸುತ್ತಿದವು, ಆಮೇಲೆ ಎದುರುಮನೆಯ ಮರದ ಕಡೆ ಹೋದವು. ಐದು ಸಂಜೆ ಕಾದು, ಒಳಗೆ ಒಂದೂ ಇಲ್ಲ ಅಂತ ನೋಡಿ, ಮೊನ್ನೆ ಕಿಂಡಿ ಮುಚ್ಚಿದರು. ಅಟ್ಟದಲ್ಲಿ ಈಗ ಸದ್ದಿಲ್ಲ. ಕೂಸು ಚೆನ್ನಾಗಿದೆ, ಮಗುಚಿ ಬೀಳುತ್ತೆ. ನಿಶ್ಚಿತಾಳ ಕೈಕಟ್ಟು ಬಿಚ್ಚಿದ್ದಾರೆ.

ನಿನ್ನ ಕಾಲು ಗಟ್ಟಿಯಾಗಲಿ, ಮೊಮ್ಮಕ್ಕಳಿಗೆ ನೂರು ವರ್ಷ ಆಯುಸ್ಸು ಕೊಡಲಿ ಆ ಶಿವ.

ನಿನ್ನ
ಗಿರಿಜಾಂಬಾ

ತಾ.ಕ.: ನೀಲಾ, ಕಿಂಡಿ ಮುಚ್ಚಿದ್ದು ಮಂಟಯ್ಯ ಅಲ್ಲ, ನಾನು. ಜೂನ್ ನಾಲ್ಕರ ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಅವನು ಕಲಸಿಟ್ಟಿದ್ದ ಸಿಮೆಂಟನ್ನೇ ಬೊಗಸೆಯಲ್ಲಿ ತೆಗೆದುಕೊಂಡು ಏಣಿ ಹತ್ತಿದೆ. ಮಗ ಅವನನ್ನು ಬೈಯುವಾಗ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬರಲಿಲ್ಲ. ನಿನ್ನೆ ವಿದ್ಯಾರಣ್ಯಪುರಂನಲ್ಲಿ ಅವನ ಮನೆಗೆ ಹೋಗಿ ಹೇಳಿದೆ. "ಸಾಮಾನು ತಕ್ಕಂಡೋಗಕ್ ಬಂದಾಗ್ಲೇ ನೋಡ್ದೆ ಕಣ್ರವ್ವ. ಅದು ಕರಣೆ ಹಿಡ್ದೋರ ಕೆಲ್ಸ ಅಲ್ಲ, ಬೆರಳಚ್ಚು ಅಂಗೇ ಇತ್ತು. ನೀವೇ ಹೇಳ್ತೀರ ಅಂತ ಸುಮ್ನಿದ್ದೆ. ನನ್ ತಾವ ಹೇಳಿ ಏನ್ ಬಂತು? ಮಗನ ತಾವ ಹೇಳಿ" ಅಂದ.

ಷಡಕ್ಷರಿ, ನಿಶ್ಚಿತಾ ಅಂಗಡಿಗೆ ಹೋಗಿದ್ದಾರೆ. ಬಂದ ಕೂಡಲೇ ಹೇಳುತ್ತೇನೆ. ಆಮೇಲೆ ನಿಶ್ಚಿತಾ ಕೂಸನ್ನು ನನ್ನ ಕೈಗೆ ಕೊಡುತ್ತಾಳೋ ಇಲ್ಲವೋ ಅಂತ ಭಯ. ಈಗ ನನ್ನ ತೊಡೆಯ ಮೇಲೇ ಮಲಗಿದೆ. ಕಾಲು ಜೋಮು ಹಿಡಿದಿದೆ, ಆದರೂ ಅಲ್ಲಾಡದೆ ಕೂತು ಇದನ್ನು ಬರೆಯುತ್ತಿದ್ದೇನೆ.